ಅಣ್ಣನ ಹೋಟೆಲಿಗೆ ಬಿದ್ದ ಕಲ್ಲು

1960ರ ದಶಕದ ನಡುವೆ ಮುಂಬೈಯ ‘ಮಾರ್ಮಿಕ್’ ಎಂಬ ಮರಾಠಿ ವಾರಪತ್ರಿಕೆ ಹೆಸರುಗಳ ಪಟ್ಟಿ ಅಚ್ಚು ಹಾಕತೊಡಗಿತು. ಟೆಲಿಫೋನ್ ಡೈರೆಕ್ಟರಿಯಿಂದ, ಕಂಪನಿಗಳ ಅಧಿಕಾರಿಗಳ ಯಾದಿಯಿಂದ ಹೆಕ್ಕಿದ ಹೆಸರುಗಳು ಅವು. ಹೆಚ್ಚಿನವು ದಕ್ಷಿಣ ಭಾರತದವರವು. ಅಂಕಣದ ತಲೆಬರಹ ‘ವಾಚಾ ಆಣಿ ಥಂಡ್ ಬಸಾ’, ಅಂದರೆ ಓದಿ ತಣ್ಣಗೆ ಕೂತಿರಿ. ಕೆಲಕಾಲದ ಮೇಲೆ ಅದು ‘ವಾಚಾ ಆಣಿ ಉಠಾ’ ಎಂದಾಯಿತು: ಓದಿ, ಎದ್ದೇಳಿ. ಪತ್ರಿಕೆಯ ಸಂಪಾದಕ, ವ್ಯಂಗ್ಯಚಿತ್ರಕಾರ ಬಾಳ ಠಾಕ್ರೆ 1966ರ ಜೂನ್ 19ರಂದು ಶಿವಸೇನೆ ಕಟ್ಟಿದರು.

ಓದಿದವರು ಎದ್ದರು. ‘ಲುಂಗಿ ಹಟಾವ್’ ಎಂಬ ಘೋಷಣೆ ದಾದರ್, ಪರೇಲ್, ಗಿರಗಾಂವ್‌ಗಳ ಬೀದಿಗಳಲ್ಲಿ ಮೊಳಗಿತು. ತಮಿಳರು, ಮಲಯಾಳಿಗಳು, ತೆಲುಗರು, ತುಳುವರು, ಕನ್ನಡಿಗರು ಎಲ್ಲರೂ ಒಂದೇ ಏಟಿಗೆ ‘ಮದ್ರಾಸಿ’ಗಳಾದರು. ಆಫೀಸಿನ ಅಧಿಕಾರಿ ಕಲ್ಲಿಗೆ ಸಿಗುವವನಲ್ಲ. ಅವನು ನಾಲ್ಕನೇ ಮಹಡಿಯಲ್ಲಿದ್ದ. ಕೈಗೆ ಸಿಕ್ಕಿದ್ದು ರಸ್ತೆಗೆ ಬಾಗಿಲು ತೆರೆದುಕೊಂಡಿದ್ದ ಉಡುಪಿ ಹೋಟೆಲು. ಟೈಪಿಸ್ಟ್ ಕುರ್ಚಿಯ ಮೇಲಿನ ಸಿಟ್ಟು ಇಡ್ಲಿ-ಸಾಂಬಾರಿನ ಗಾಜಿನ ಕಪಾಟಿಗೆ ಬಡಿಯಿತು. ಒಬ್ಬರ ಮೇಲಿನ ಕೋಪಕ್ಕೆ ಇನ್ನೊಬ್ಬರು ದಂಡ ತೆರುವುದು ವಲಸೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ನಡೆದಿದೆ. ಬಲಿಯಾದವರಲ್ಲಿ ಕನ್ನಡ ನಾಡಿನವರೂ ಇದ್ದದ್ದರಿಂದ, ಮುಂಬೈಯ ಈ ಪ್ರಕರಣವನ್ನು ನಾವು ಬೇರೆಯವರ ಕತೆಯಂತೆ ಓದಲಾಗದು.

ಕರಾವಳಿಯಲ್ಲಿ ಆ ಊರಿನ ಹೆಸರು ಬೊಂಬಾಯಿ. ‘ಮಗ ಬೊಂಬಾಯಿಯಲ್ಲಿದ್ದಾನೆ’ ಎಂದರೆ ಹೋಟೆಲಿನಲ್ಲಿದ್ದಾನೆ ಎಂದೇ ಅರ್ಥ. ಹನ್ನೆರಡು-ಹದಿಮೂರು ವರ್ಷದ ಹುಡುಗ ಊರಿನ ಯಾರದೋ ಬೆನ್ನು ಹತ್ತಿ, ಸಮುದ್ರದಲ್ಲಿ ಹಡಗಿಗೋ ಘಟ್ಟ ಹತ್ತುವ ಬಸ್ಸಿಗೋ ಏರುತ್ತಿದ್ದ. ಮೊದಲ ಕೆಲಸ ಕಪ್ಪು-ಬಸಿ ತೊಳೆಯುವುದು. ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈಯರ್. ಅದೃಷ್ಟವೂ ಧಣಿಯ ನಂಬಿಕೆಯೂ ಕೂಡಿಬಂದರೆ ಗಲ್ಲಾ. ರಾತ್ರಿ ಕೊನೆಯ ಗಿರಾಕಿ ಹೋದ ಮೇಲೆ ನೆಲ ತೊಳೆದು, ಒದ್ದೆ ಆರುವ ಮೊದಲೇ ಎರಡು ಟೇಬಲ್ ಜೋಡಿಸಿ ಅದರ ಮೇಲೆ ಮಲಗುವುದು. ಬೆಳಗಿನ ಜಾವ ಹಾಲಿನವನು ಬಂದಾಗ ಅದೇ ಹಾಸಿಗೆ ಮತ್ತೆ ಟೇಬಲ್ ಆಗಬೇಕು. ಹೀಗೆ ಚಿಕ್ಕಂದಿನಲ್ಲೇ ಊರು ಬಿಟ್ಟು ಬಂದ ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಬಾಳೆಎಲೆಯ ಆ ಊಟಕ್ಕೆ ಈಗಲೂ ಜನ ಸಾಲು ನಿಲ್ಲುತ್ತಾರೆ, ಸಾಲಿನಲ್ಲಿ ಮರಾಠಿಗರು ಧಾರಾಳವಾಗಿದ್ದಾರೆ.

ಹಾಗಾದರೆ ಮರಾಠಿಗರ ಸಿಟ್ಟಿಗೆ ಕಾರಣವೇ ಇರಲಿಲ್ಲವೇ? ಇತ್ತು. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಮುಂಬೈ ತಮಗೆ ಸೇರಬೇಕೆಂದು ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಕೊಟ್ಟಿದ್ದರು. 1960ರ ಮೇ 1ರಂದು ರಾಜ್ಯ ಬಂತು, ರಾಜಧಾನಿಯಾಗಿ ಮುಂಬೈಯೂ ಬಂತು. ಆದರೆ 1961ರ ಜನಗಣತಿಯಲ್ಲಿ ಆ ನಗರದಲ್ಲಿ ಮರಾಠಿ ಮಾತೃಭಾಷೆಯವರು ಶೇ. 43ರಷ್ಟು ಮಾತ್ರ. ಗಿರಣಿಗಳ, ಪೇಟೆಗಳ ಒಡೆತನ ಹೆಚ್ಚಾಗಿ ಗುಜರಾತಿ, ಮಾರವಾಡಿ, ಪಾರ್ಸಿಗಳದು. ರಾಜ್ಯಕ್ಕಾಗಿ ಬೀದಿಗಿಳಿದವನ ಮಗ ಮೆಟ್ರಿಕ್ ಪಾಸು ಮಾಡಿ, ಕೈಯಲ್ಲಿ ಅರ್ಜಿ ಹಿಡಿದು ಫೋರ್ಟ್‌ನ ಆಫೀಸುಗಳ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ.

ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ನಗರದಲ್ಲಿ ಗುಜರಾತಿ ಮಾತನಾಡುವವರು ದಕ್ಷಿಣದವರೆಲ್ಲರನ್ನೂ ಕೂಡಿಸಿದರೂ ಮೀರುವಷ್ಟು ಇದ್ದರು. ಹಣವೂ ಅವರಲ್ಲೇ ಹೆಚ್ಚು. ಆದರೂ ಶಿವಸೇನೆಯ ಕೋಪ ಮೊದಲು ತಿರುಗಿದ್ದು ದಕ್ಷಿಣದವರ ಮೇಲೆ. ಅಮೆರಿಕದ ರಾಜ್ಯಶಾಸ್ತ್ರಜ್ಞೆ ಮೇರಿ ಕಾಟ್ಸೆನ್‌ಸ್ಟೈನ್ 1979ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಗಂಟನ್ನು ಬಿಡಿಸಿತು: ಮಧ್ಯಮ ವರ್ಗದ ನೌಕರಿಗಾಗಿ ನಡೆದ ಪೈಪೋಟಿಯೇ ಜಗಳದ ಬೇರು. ಗುಜರಾತಿ ಸೇಠ್‌ನ ಗದ್ದಿಗೆ ಮರಾಠಿ ಹುಡುಗ ಆಸೆಪಟ್ಟವನಲ್ಲ. ಅವನಿಗೆ ಬೇಕಾಗಿದ್ದು ಗುಮಾಸ್ತಿಕೆ, ಸ್ಟೆನೋ, ಲೆಕ್ಕ ಬರೆಯುವ ಕೆಲಸ. ಆ ಕುರ್ಚಿಯಲ್ಲಿ ಇಂಗ್ಲಿಷ್, ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತು ಬಂದ ದಕ್ಷಿಣದವನು ಕೂತಿದ್ದ. ಬಂದವರು ಎಷ್ಟು ಮಂದಿ ಎನ್ನುವುದಕ್ಕಿಂತ, ತನ್ನ ಮಗ ನಿಂತಿರುವ ಸಾಲಿನಲ್ಲೇ ಬಂದು ನಿಂತರೇ ಎನ್ನುವುದು ಸ್ಥಳೀಯನನ್ನು ಕೆರಳಿಸುತ್ತದೆ. ಹೋಟೆಲಿನ ಹುಡುಗನಂತೂ ಯಾವ ಮೆಟ್ರಿಕ್ ಪಾಸಾದವನ ಕೆಲಸವನ್ನೂ ಕಸಿದವನಲ್ಲ.

ಅದೇ ನಗರದ 1967ರ ಲೋಕಸಭಾ ಚುನಾವಣೆ ನೋಡಿ. ಈಶಾನ್ಯ ಮುಂಬೈಯಲ್ಲಿ ಕೇರಳದ ವಿ.ಕೆ. ಕೃಷ್ಣ ಮೆನನ್ ವಿರುದ್ಧ ಸೇನೆ ‘ಹೊರಗಿನವ’ ಎಂದು ಪ್ರಚಾರ ಮಾಡಿತು, ಮೆನನ್ ಸೋತರು. ಅದೇ ಚುನಾವಣೆಯಲ್ಲಿ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್.ಕೆ. ಪಾಟೀಲರನ್ನು ಕೆಡವಿದವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್! ಹತ್ತೊಂಬತ್ತು-ಇಪ್ಪತ್ತರ ವಯಸ್ಸಿನಲ್ಲಿ ಬರಿಗೈಯಲ್ಲಿ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗುತ್ತಿದ್ದೆ, ಪೊಲೀಸರು ಬಂದು ಎಬ್ಬಿಸುತ್ತಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಬಂದರು, ನಗರಪಾಲಿಕೆ, ಟ್ಯಾಕ್ಸಿ ಕಾರ್ಮಿಕರನ್ನು ಸಂಘಟಿಸಿದರು. ಮರಾಠಿಯಲ್ಲಿ ಸಭೆಯನ್ನು ಹಿಡಿದಿಡುವಷ್ಟು ಮಾತು ಕಲಿತರು. ಮರಾಠಿ ಕಾರ್ಮಿಕನ ಸಂಬಳಕ್ಕಾಗಿ ಹೋರಾಡಿದವನ ಜಾತಕ ಯಾವ ಊರಿನದೆಂದು ಆ ಮತದಾರರು ಕೇಳಲಿಲ್ಲ.

ಆದರೆ ಎರಡೇ ವರ್ಷಕ್ಕೆ, 1969ರ ಫೆಬ್ರುವರಿಯಲ್ಲಿ, ಮುಂಬೈ ಹೊತ್ತಿ ಉರಿಯಿತು. ನೆಪ ಬೆಳಗಾವಿ ಗಡಿ. ಶಿವಸೈನಿಕರು ಉಪಪ್ರಧಾನಿ ಮೊರಾರ್ಜಿ ದೇಸಾಯಿ ಅವರ ಕಾರು ತಡೆದು ಮನವಿ ಕೊಡಲು ಹೋದಲ್ಲಿ ಆರಂಭವಾದ ಗಲಭೆ ಕೆಲವು ದಿನ ನಡೆದು ಐವತ್ತಕ್ಕೂ ಹೆಚ್ಚು ಜೀವ ಬಲಿ ತೆಗೆದುಕೊಂಡಿತು. ಠಾಕ್ರೆ ಜೈಲಿಗೆ ಹೋದರು. ಈ ಬಾರಿ ‘ಮದ್ರಾಸಿ’ ಎನ್ನುವ ಮಸುಕು ಹೆಸರೂ ಇರಲಿಲ್ಲ; ಕನ್ನಡಿಗರ ಹೋಟೆಲು, ಅಂಗಡಿಗಳನ್ನೇ ಹುಡುಕಿ ಒಡೆದರು. ಗಡಿ ಎಲ್ಲಿ ಹಾದುಹೋಗಬೇಕೆಂದು ಆ ಹೋಟೆಲಿನವರನ್ನು ಯಾರೂ ಎಂದೂ ಕೇಳಿರಲಿಲ್ಲ.

ಇಷ್ಟಾದರೂ ಹೋಟೆಲಿನವರು ಊರಿಗೆ ಮರಳಲಿಲ್ಲ. ಬದಲಿಗೆ ಇನ್ನಷ್ಟು ಜನ ಹೋದರು. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಯಾಗಿ ಗೇಣಿದಾರರಿಗೆ ಹೊಲ ಸಿಕ್ಕಿದಾಗ, ಭೂಮಿ ಕಳೆದುಕೊಂಡ ಕರಾವಳಿಯ ಬಂಟ ಕುಟುಂಬಗಳ ಹುಡುಗರು ಬೊಂಬಾಯಿಯ ದಾರಿ ಹಿಡಿದರು. ಇತ್ತ ಕರ್ನಾಟಕದ ಒಳ್ಳೆಯ ಕಾನೂನೊಂದು ಅತ್ತ ಮಹಾರಾಷ್ಟ್ರದ ಹೋಟೆಲುಗಳ ನಕ್ಷೆಯನ್ನೇ ಬದಲಿಸಿತು.

ಅವರು ಅಲ್ಲಿ ನೆಲೆ ನಿಂತದ್ದು ಹೇಗೆ ಎನ್ನುವುದು ಕಲ್ಲು ಬಿದ್ದದ್ದಕ್ಕಿಂತ ದೊಡ್ಡ ಕತೆ. ಒಂದು ಕಡೆ ಅವರದೇ ಸಂಸ್ಥೆಗಳಿದ್ದವು: ಮೊಗವೀರ ವ್ಯವಸ್ಥಾಪಕ ಮಂಡಳಿ, ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್. ಇಂಥ ಸಂಘಗಳ ಆಸರೆಯಲ್ಲಿ ಕನ್ನಡ ರಾತ್ರಿಶಾಲೆಗಳು ನಡೆದವು. ಹಗಲೆಲ್ಲ ಟೇಬಲ್ ಒರೆಸಿದ ಹುಡುಗ ಸಂಜೆ ಕೈ ತೊಳೆದು, ಇದ್ದ ಒಂದೇ ಒಳ್ಳೆಯ ಅಂಗಿ ತೊಟ್ಟು ತರಗತಿಯಲ್ಲಿ ಕೂರುತ್ತಿದ್ದ. ಬ್ಯಾಂಕು, ವಕೀಲಿಕೆ, ಪತ್ರಿಕೆಗಳಿಗೆ ಹೋದ ಎಷ್ಟೋ ಜನ ಈ ಶಾಲೆಗಳಿಂದ ಬಂದವರು.

ಇನ್ನೊಂದು ಕಡೆ, ಆ ಊರು ಕೊಟ್ಟದ್ದೂ ಇದೆ. ಮುಂಬೈ ಮಹಾನಗರಪಾಲಿಕೆ ಮರಾಠಿಯ ಜತೆಗೆ ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಮತ್ತು ಕನ್ನಡ ಮಾಧ್ಯಮದಲ್ಲೂ ಶಾಲೆ ನಡೆಸಿಕೊಂಡು ಬಂದಿದೆ. ಈ ಪಾಲಿಕೆಯ ಅಧಿಕಾರ 1985ರ ನಂತರ ಬಹುಪಾಲು ಶಿವಸೇನೆಯ ಕೈಯಲ್ಲೇ ಇತ್ತು. ಅಂದರೆ ‘ಲುಂಗಿ ಹಟಾವ್’ ಎಂದ ಪಕ್ಷ ಆಳಿದ ಪಾಲಿಕೆಯ ಹಣದಲ್ಲಿ ಕನ್ನಡದ ಮಕ್ಕಳು ಕನ್ನಡದಲ್ಲೇ ಅಕ್ಷರ ಕಲಿತರು. ಮುಂಬೈಯನ್ನು ಬರೀ ಘೋಷಣೆಗಳಿಂದ ಅಳೆಯುವವರು ಇದನ್ನು ಮರೆಯಬಾರದು. ಭಾಷಣದ ಧೋರಣೆ ಒಂದಾದರೆ ಆಡಳಿತದ, ನೆರೆಹೊರೆಯ ಧೋರಣೆ ಇನ್ನೊಂದು. ಒಂದೇ ಊರಿನಲ್ಲಿ ಎರಡೂ ಬದುಕಿದ್ದವು.

ಹೋಟೆಲಿನ ಕೆಲಸವೇ ಅವರಿಗೆ ಮರಾಠಿ ಕಲಿಸಿತು. ಗಿರಾಕಿ ಕೇಳಿದ್ದು ತಿಳಿಯದಿದ್ದರೆ ಸಪ್ಲೈಯರ್ ಕೆಲಸ ಒಂದು ದಿನವೂ ಸಾಗದು. ‘ಕಾಯ್ ಪಾಹಿಜೆ?’ ಎನ್ನುವಲ್ಲಿಂದ ಶುರುವಾದದ್ದು ಗಣೇಶೋತ್ಸವದ ಚಂದಾ, ಚಾಳಿನ ಜಗಳ, ಮಕ್ಕಳ ಮದುವೆಯವರೆಗೆ ಬೆಳೆಯಿತು. ಅವರ ಮಕ್ಕಳು ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ ಆಡುತ್ತ ಬೆಳೆದರು. 2014ರಲ್ಲಿ ಉತ್ತರ ಮುಂಬೈಯಿಂದ ಸಂಸದರಾಗಿ ಗೆದ್ದವರ ಹೆಸರು ಗೋಪಾಲ ಶೆಟ್ಟಿ. 1967ರ ‘ಮಾರ್ಮಿಕ್’ ಓದುಗನಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ.

ಅಷ್ಟರಲ್ಲಿ ಊರೂ ಬದಲಾಗಿತ್ತು. 1982ರ ಜವಳಿ ಗಿರಣಿ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಂಪ್ಯೂಟರ್ ಬಂದು ಟೈಪಿಸ್ಟ್ ಕುರ್ಚಿಯೇ ಇಲ್ಲವಾಯಿತು. ಸಾಲು ಬೇರೆಯಾದಂತೆ ಕೋಪದ ಗುರಿಯೂ ಬೇರೆಯಾಯಿತು. 2008ರಲ್ಲಿ ರಾಜ್ ಠಾಕ್ರೆಯವರ ಮಹಾರಾಷ್ಟ್ರ ನವನಿರ್ಮಾಣ ಸೇನೆಯ ಕಾರ್ಯಕರ್ತರು ಹೊಡೆದದ್ದು ಉತ್ತರ ಪ್ರದೇಶ, ಬಿಹಾರದ ಟ್ಯಾಕ್ಸಿಯವರನ್ನು, ರೈಲ್ವೆ ನೇಮಕಾತಿ ಪರೀಕ್ಷೆ ಬರೆಯಲು ಬಂದ ಹುಡುಗರನ್ನು. ಅಷ್ಟು ಹೊತ್ತಿಗೆ ಉಡುಪಿ ಹೋಟೆಲಿನ ‘ಅಣ್ಣಾ’ ಬಹುಮಟ್ಟಿಗೆ ಮುಂಬೈಯವನೇ ಆಗಿದ್ದ.

ಬಹುಮಟ್ಟಿಗೆ, ಪೂರ್ತಿಯಾಗಿ ಅಲ್ಲ. 2025ರ ಜುಲೈನಲ್ಲಿ ಮುಂಬೈಯ ಶಾಸಕರ ವಸತಿಗೃಹದಲ್ಲಿ ದಾಲ್ ಹಳಸಿದೆ ಎಂದು ಶಿವಸೇನೆಯ ಶಾಸಕ ಸಂಜಯ್ ಗಾಯಕವಾಡ್ ಕ್ಯಾಂಟೀನ್ ಕೆಲಸಗಾರನ ಮುಖಕ್ಕೆ ಹೊಡೆದ ವಿಡಿಯೊ ಎಲ್ಲೆಡೆ ಹರಿದಾಡಿತು. ಆಮೇಲೆ ಅವರು ಆಡಿದ ಮಾತು ಹೊಡೆತಕ್ಕಿಂತ ಕೆಟ್ಟದ್ದು: ದಕ್ಷಿಣದವರಿಗೆ ಕ್ಯಾಂಟೀನ್ ಗುತ್ತಿಗೆ ಕೊಡಬಾರದು, ಅವರು ಡ್ಯಾನ್ಸ್ ಬಾರ್ ನಡೆಸಿ ಮಹಾರಾಷ್ಟ್ರದ ಸಂಸ್ಕೃತಿ ಕೆಡಿಸಿದವರು. ಆರು ದಶಕ ಕಳೆದು ಮೂರನೇ ತಲೆಮಾರು ಅಲ್ಲೇ ಹುಟ್ಟಿದ ಮೇಲೂ, ಒಂದು ಪಾತ್ರೆ ದಾಲ್ ಸಾಕಾಯಿತು, ಹಳೆಯ ಪಟ್ಟಿ ಮತ್ತೆ ಹೊರಬರಲು.

ಈ ಮಾತು ಕೇಳಿ ಕರ್ನಾಟಕದಲ್ಲಿ ಅನೇಕರಿಗೆ ನೋವಾಯಿತು. ಆ ನೋವು ನಿಜ. ಅದರ ಜತೆಗೇ ಬೆಂಗಳೂರನ್ನೂ ನೋಡಬೇಕಾಗುತ್ತದೆ. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. 1961ರ ಮುಂಬೈಯಲ್ಲಿ ಮರಾಠಿಗರಿದ್ದ ಸ್ಥಿತಿ ಹೆಚ್ಚು ಕಡಿಮೆ ಇದೇ. 1986ರ ಸರೋಜಿನಿ ಮಹಿಷಿ ವರದಿಯಿಂದ ಹಿಡಿದು, 2024ರ ಜುಲೈನಲ್ಲಿ ಸಂಪುಟ ಒಪ್ಪಿ ಉದ್ಯಮಿಗಳ ವಿರೋಧಕ್ಕೆ ಮರುದಿನಗಳಲ್ಲೇ ತಡೆಹಿಡಿದ ಖಾಸಗಿ ಉದ್ಯೋಗ ಮೀಸಲಾತಿ ಮಸೂದೆಯವರೆಗೆ ಇಲ್ಲಿನ ಬೇಡಿಕೆಯೂ ಅದೇ: ನಮ್ಮ ಊರಿನ ಕೆಲಸದಲ್ಲಿ ನಮ್ಮ ಮಕ್ಕಳಿಗೆ ಪಾಲು. ಮಂಡ್ಯದಿಂದಲೋ ಕಲಬುರಗಿಯಿಂದಲೋ ಪದವಿ ಹಿಡಿದು ಬಂದ ಹುಡುಗಿಗೆ ಸಂದರ್ಶನದಲ್ಲಿ ತನ್ನ ರಾಜಧಾನಿಯೇ ಪರದೇಶ ಅನಿಸಿದರೆ, ಆ ಸಂಕಟವನ್ನು ಸಂಕುಚಿತತೆ ಎಂದು ಜರಿಯುವುದು ಅನ್ಯಾಯ.

ಒಂದು ವ್ಯತ್ಯಾಸವಂತೂ ಕಣ್ಣಿಗೆ ಹೊಡೆಯುತ್ತದೆ. ಉಡುಪಿಯ ಹುಡುಗನಿಗೆ ಮರಾಠಿ ಇಲ್ಲದೆ ಹೊಟ್ಟೆ ತುಂಬುತ್ತಿರಲಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗೆ ಕನ್ನಡವಿಲ್ಲದೆ ಹತ್ತು ವರ್ಷ ಸಲೀಸಾಗಿ ಸಾಗುತ್ತದೆ. ಕಂಪನಿಯ ಬಸ್ಸು, ಗೇಟು ಹಾಕಿದ ಅಪಾರ್ಟ್‌ಮೆಂಟು, ಫೋನಿನಲ್ಲಿ ತರಿಸುವ ತರಕಾರಿ ಎಲ್ಲವೂ ಅವನನ್ನು ಊರಿನಿಂದ ದೂರವೇ ಇಡುತ್ತವೆ. ಬ್ಯಾಂಕಿನ ಕೌಂಟರಿನಲ್ಲಿ, ಆಟೊದಲ್ಲಿ ಒಮ್ಮೆಗೇ ಎದುರಾದಾಗ ಜಗಳವಾಗುತ್ತದೆ, ಅದು ವಿಡಿಯೊ ಆಗುತ್ತದೆ. ಅದೇ ನಗರದ ದರ್ಶಿನಿಗಳಲ್ಲಿ ದೋಸೆ ಹುಯ್ಯುವ ಒಡಿಶಾದ, ಅಸ್ಸಾಮಿನ ಹುಡುಗರು ಒಂದೆರಡು ವರ್ಷದಲ್ಲಿ ‘ಚಟ್ನಿ ಹಾಕ್ಲಾ ಸರ್?’ ಎನ್ನುವಷ್ಟು ಕನ್ನಡ ಕಲಿತಿರುತ್ತಾರೆ.

ಆದರೆ ಇಲ್ಲಿಯೂ ಪೆಟ್ಟು ತಿನ್ನುವವರು ಹೆಚ್ಚಾಗಿ ದರ್ಶಿನಿಯ ಆ ಹುಡುಗರಂಥ ದುಡಿಮೆಗಾರರೇ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಸಾವಿರಾರು ಈಶಾನ್ಯದವರು ಗುವಾಹಟಿಯ ರೈಲು ಹತ್ತಿದಾಗ, ಅವರಲ್ಲಿ ಭದ್ರತಾ ಸಿಬ್ಬಂದಿ, ಹೋಟೆಲು, ಬ್ಯೂಟಿಪಾರ್ಲರ್ ಕೆಲಸದವರು ಬಹಳವಿದ್ದರು. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್‌ನಲ್ಲಿ ಸಿಲುಕಿ ಊರಿಗೆ ಹೋಗುತ್ತೇವೆಂದ ಕಾರ್ಮಿಕರ ರೈಲುಗಳನ್ನು, ಬಿಲ್ಡರ್‌ಗಳ ಜತೆ ಮಾತುಕತೆಯಾದ ಬಳಿಕ, ರಾಜ್ಯ ಸರ್ಕಾರ ರದ್ದು ಮಾಡಿತು. ಟೀಕೆ ಕಟುವಾದಾಗ ಮತ್ತೆ ಬಿಟ್ಟಿತು. ಇರಬೇಡಿ ಎನ್ನುವುದೂ ಹೋಗಬೇಡಿ ಎನ್ನುವುದೂ ಅವರ ಪಾಲಿಗೇ ಬಂತು.

ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕನ್ನಡೇತರರಿಗೆ ಕಲಿಕೆಯ ತರಗತಿಗಳನ್ನು ನಡೆಸುತ್ತಿದೆ, ಕೆಲವು ಅಪಾರ್ಟ್‌ಮೆಂಟುಗಳಲ್ಲಿ ನಿವಾಸಿಗಳೇ ಕನ್ನಡ ಪಾಠ ಇಟ್ಟುಕೊಂಡಿದ್ದಾರೆ. ಇವು ಬೆಳೆಯಬೇಕು. ಆದರೆ ಕಟ್ಟಡ ಕೆಲಸದ ಶೆಡ್ಡುಗಳಲ್ಲಿ, ಹೋಟೆಲಿನ ಅಡುಗೆಮನೆಗಳಲ್ಲಿ ದುಡಿಯುವವರಿಗೆ ಪಾಳಿ ಮುಗಿದ ಮೇಲೆ, ದುಡ್ಡಿಲ್ಲದೆ, ನಡೆದು ಹೋಗುವಷ್ಟು ಹತ್ತಿರದಲ್ಲಿ ಕಲಿಸುವ ರಾತ್ರಿಶಾಲೆ ಬೆಂಗಳೂರಿಗೆ ಬೇಕಾಗಿದೆ. ಅದನ್ನು ಹೇಗೆ ನಡೆಸಬೇಕೆಂದು ಬೇರೆ ಯಾರಿಂದಲೂ ಕೇಳಿ ತಿಳಿಯಬೇಕಿಲ್ಲ. ಮುಂಬೈಯ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಈಗ ಉಡುಪಿ, ಕುಂದಾಪುರ, ಕಾರ್ಕಳದ ಮನೆಗಳಿಗೆ ಮರಳಿರುವ ಹಿರಿಯರು ಇನ್ನೂ ಇದ್ದಾರೆ, ಅವರಿಗೆ ಗೊತ್ತಿದೆ.