ಸಂಪಾದಕಿಗೆ ಲೆಕ್ಕ ಕಲಿಸುವವರು ಯಾರು?

1963ರ ಆಗಸ್ಟ್‌ನಲ್ಲಿ ಗಂಡ ತನಗೆ ತಾನೇ ಗುಂಡು ಹೊಡೆದುಕೊಂಡು ಸತ್ತಾಗ ಕ್ಯಾಥರೀನ್ ಗ್ರಹಾಂಗೆ ನಲವತ್ತಾರು ವರ್ಷ. ಅಮೆರಿಕದ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆ ಆಕೆಯ ತವರಿನ ಆಸ್ತಿ. ತಂದೆ ಯೂಜೀನ್ ಮೇಯರ್ ಅದನ್ನು 1933ರಲ್ಲಿ ದಿವಾಳಿ ಹರಾಜಿನಲ್ಲಿ ಕೊಂಡಿದ್ದರು. ಆದರೆ ಷೇರು ಹಂಚುವಾಗ ಮಗಳಿಗಿಂತ ಅಳಿಯನಿಗೇ ಹೆಚ್ಚು ಪಾಲು ಕೊಟ್ಟರು. ಹೆಂಡತಿಯ ಕೈಕೆಳಗೆ ದುಡಿಯುವ ಗತಿ ಯಾವ ಗಂಡಸಿಗೂ ಬರಬಾರದು ಎಂಬುದು ಅವರ ವಿಚಾರ. ಹೀಗೆ ಬದಿಗೆ ಸರಿದು ಮನೆ, ಮಕ್ಕಳು ಎಂದಿದ್ದವರು ಎರಡು ತಿಂಗಳೊಳಗೆ ಕಂಪನಿಯ ಅಧ್ಯಕ್ಷೆಯಾದರು. ಸಿಬ್ಬಂದಿಯ ಕೂಟದಲ್ಲಿ ಕ್ರಿಸ್‌ಮಸ್ ಶುಭಾಶಯ ಹೇಳುವುದನ್ನೂ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗುವಷ್ಟು ಅಳುಕು ಆಗ.

1973ರಲ್ಲಿ ಹೂಡಿಕೆದಾರ ವಾರನ್ ಬಫೆಟ್ ಆ ಕಂಪನಿಯ ಷೇರು ಕೊಂಡರು, ಮರುವರ್ಷ ಆಡಳಿತ ಮಂಡಳಿಗೂ ಬಂದರು. ಬರುವಾಗ ಬೇರೆ ಬೇರೆ ಕಂಪನಿಗಳ ವಾರ್ಷಿಕ ವರದಿಗಳ ಕಟ್ಟನ್ನು ಹೊತ್ತು ತಂದು, ಒಂದೊಂದಾಗಿ ಬಿಡಿಸಿ ಗ್ರಹಾಂಗೆ ಪಾಠ ಹೇಳಿದರು. ವಿಯೆಟ್ನಾಂ ಯುದ್ಧದ ಕುರಿತ ರಹಸ್ಯ ಸರ್ಕಾರಿ ಕಡತಗಳಾದ ಪೆಂಟಗನ್ ದಾಖಲೆಗಳನ್ನು 1971ರಲ್ಲಿ ಅಚ್ಚು ಮಾಡಲು ಹೂಂ ಎಂದ ಧೈರ್ಯಸ್ಥೆ ಬ್ಯಾಲೆನ್ಸ್ ಶೀಟ್ ಓದುವುದನ್ನು ಸರಿಯಾಗಿ ಕಲಿತದ್ದು ಆಮೇಲೆ.

ಬಫೆಟ್‌ರಂಥ ಗುರು ಎಲ್ಲರಿಗೂ ಸಿಗುವುದಿಲ್ಲ. ಪತ್ರಿಕಾ ಕಚೇರಿಯಲ್ಲಂತೂ ಬಡ್ತಿ ಸಿಗುವ ರೀತಿಯೇ ವಿಚಿತ್ರ. ಚೆನ್ನಾಗಿ ವರದಿ ಮಾಡುವವರನ್ನು ಹಿಡಿದು ಬ್ಯೂರೊ ಚೀಫ್ ಮಾಡುತ್ತಾರೆ. ಮಾರನೆಯ ದಿನದಿಂದ ಅವರು ರಜೆ ಚೀಟಿ ನೋಡಬೇಕು, ಬಜೆಟ್ ಕೇಳಬೇಕು, ಇಬ್ಬರು ಹಿರಿಯ ವರದಿಗಾರರ ಬೀಟ್ ಜಗಳ ಬಿಡಿಸಬೇಕು, ಮಾಲೀಕರ ಎದುರು ತಂಡದ ಪರ ವಾದಿಸಬೇಕು. ಇದನ್ನೆಲ್ಲ ಯಾರೂ ಕಲಿಸಿರುವುದಿಲ್ಲ. ಗಂಡಸರಿಗೆ ಒಂದು ಗುಪ್ತ ಶಾಲೆಯಂತೂ ಇದೆ: ಕೊನೆಯ ಪುಟ ಬಿಟ್ಟ ಮೇಲಿನ ರಾತ್ರಿ ಚಹಾ, ಪ್ರೆಸ್ ಕ್ಲಬ್ಬಿನ ಸಂಜೆ, ಸಂಪಾದಕರ ಕಾರಿನಲ್ಲಿ ಮನೆವರೆಗಿನ ಸವಾರಿ. ಯಾರಿಗೆ ಎಷ್ಟು ಸಂಬಳ, ಯಾವ ಹುದ್ದೆ ಖಾಲಿಯಾಗುತ್ತಿದೆ, ಮಾಲೀಕರಿಗೆ ಏನು ಹೇಳಿದರೆ ಸಿಟ್ಟು ಬರುತ್ತದೆ ಎಂಬ ಪಠ್ಯವೆಲ್ಲ ಅಲ್ಲಿ ಪುಕ್ಕಟೆ. ಆ ಹೊತ್ತಿಗೆ ಹೆಣ್ಣುಮಕ್ಕಳು ಕಚೇರಿಯ ಕ್ಯಾಬ್‌ನಲ್ಲಿ ಮನೆ ದಾರಿ ಹಿಡಿದಿರುತ್ತಾರೆ. ಮಾಧ್ಯಮದ ಮಹಿಳಾ ಮುಖ್ಯಸ್ಥರಿಗೆಂದೇ ನಡೆಯುವ ನಾಯಕತ್ವ ತರಬೇತಿಗಳು, ನನ್ನ ದೃಷ್ಟಿಯಲ್ಲಿ, ಈ ಗುಪ್ತ ಶಾಲೆಗೆ ಬಹಿರಂಗವಾಗಿ ತೆರೆದ ಬದಲಿ ಶಾಲೆಗಳು.

ಅವುಗಳಲ್ಲಿ ಹೆಸರಾದದ್ದು ಅಮೆರಿಕದ ಪಾಯಿಂಟರ್ ಸಂಸ್ಥೆಯದು. ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್ ಎಂಬ ಕಡಲೂರಿನಲ್ಲಿ ಪತ್ರಿಕೆ ನಡೆಸುತ್ತಿದ್ದ ನೆಲ್ಸನ್ ಪಾಯಿಂಟರ್ 1975ರಲ್ಲಿ ಪತ್ರಕರ್ತರಿಗಾಗಿ ಒಂದು ಶಾಲೆ ತೆರೆದರು. ತಾನು ಸತ್ತ ಮೇಲೆ ಪತ್ರಿಕೆ ಯಾವುದೋ ದೊಡ್ಡ ಸರಪಳಿ ಕಂಪನಿಯ ಪಾಲಾಗಬಾರದೆಂದು ಅದರ ಒಡೆತನವನ್ನೇ ಶಾಲೆಗೆ ಬಿಟ್ಟರು. ಪತ್ರಿಕೆಗೆ ಶಾಲೆಯೇ ಯಜಮಾನ! 1978ರಲ್ಲಿ ಅವರು ತೀರಿಕೊಂಡ ಮೇಲೂ ಆ ವ್ಯವಸ್ಥೆ ಉಳಿಯಿತು. ಪತ್ರಿಕೆ ಈಗ 'ಟ್ಯಾಂಪಾ ಬೇ ಟೈಮ್ಸ್'. ಶಾಲೆಗೆ 1984ರಿಂದ ಸಂಸ್ಥಾಪಕರದೇ ಹೆಸರು.

ಮಹಿಳೆಯರ ನಾಯಕತ್ವ ಅಕಾಡೆಮಿ ಇಲ್ಲಿ ಶುರುವಾದದ್ದು 2015ರಲ್ಲಿ, ಆನ್‌ಲೈನ್ ನ್ಯೂಸ್ ಅಸೋಸಿಯೇಷನ್ ಜೊತೆಗೂಡಿ. ಮೊದಲು ಡಿಜಿಟಲ್ ಮಾಧ್ಯಮದವರಿಗೆ ಮಾತ್ರ ಇತ್ತು, ಆಮೇಲೆ ಎಲ್ಲ ಮಾಧ್ಯಮಗಳಿಗೂ ಬಾಗಿಲು ತೆರೆಯಿತು. ಶುರುವಾಗುವ ಹಿಂದಿನ ವರ್ಷ ಸುದ್ದಿಲೋಕ ಒಂದು ವಿಚಿತ್ರ ದಿನ ಕಂಡಿತ್ತು. 2014ರ ಮೇ 14ರಂದು 'ನ್ಯೂಯಾರ್ಕ್ ಟೈಮ್ಸ್' ತನ್ನ ಮೊದಲ ಮಹಿಳಾ ಕಾರ್ಯನಿರ್ವಾಹಕ ಸಂಪಾದಕಿ ಜಿಲ್ ಏಬ್ರಮ್ಸನ್‌ರನ್ನು ತೆಗೆದುಹಾಕಿತು. ಅದೇ ದಿನ ಪ್ಯಾರಿಸ್‌ನಲ್ಲಿ 'ಲ ಮಾಂಡ್' ಪತ್ರಿಕೆಯ ಮುಖ್ಯಸ್ಥೆ ನತಾಲಿ ನೂಗೈರೆಡ್ ರಾಜೀನಾಮೆ ಕೊಟ್ಟರು. ಏಬ್ರಮ್ಸನ್ ತಮ್ಮ ವೇತನ ಹಿಂದಿನವರಿಗಿಂತ ಕಡಿಮೆ ಎಂದು ತಕರಾರೆತ್ತಿದ್ದರೆಂಬ ಸುದ್ದಿ ಹರಡಿತು. ವೇತನದಲ್ಲಿ ತಾರತಮ್ಯ ಇರಲಿಲ್ಲ, ತಕರಾರು ಅವರ ಆಡಳಿತದ ಧಾಟಿಯದು ಎಂದಿತು ಪತ್ರಿಕೆ. ಈ ಧಾಟಿಯ ಪ್ರಶ್ನೆ ಮುಖ್ಯಸ್ಥೆಯರನ್ನು ಕಾಡುವಷ್ಟು ಮುಖ್ಯಸ್ಥರನ್ನು ಕಾಡುವುದಿಲ್ಲ. ಗದರಿದರೆ ಜಗಳಗಂಟಿ, ಗದರದಿದ್ದರೆ ಕೈಲಾಗದವಳು. ಮೇಜು ಗುದ್ದುವ ಸಂಪಾದಕರ ಕತೆಗಳನ್ನು ನಾವೇ ಎಷ್ಟು ಪ್ರೀತಿಯಿಂದ ಹೇಳಿಕೊಂಡಿಲ್ಲ!

ಪಾಯಿಂಟರ್ ಅಕಾಡೆಮಿಯ ವಿಧಾನ ಸರಳ. ಅರ್ಜಿಗಳ ರಾಶಿಯಿಂದ ಒಂದು ಸಣ್ಣ ತಂಡವನ್ನು ಆರಿಸಿ, ಸುಮಾರು ಒಂದು ವಾರ ಒಟ್ಟಿಗೆ ಕೂರಿಸುತ್ತಾರೆ. ಭಾಷಣ ಕಡಿಮೆ, ಮಾತು ಹೆಚ್ಚು. ಈ ಬಗೆಯ ತರಬೇತಿಯ ಕಹಿ ಔಷಧಿ ಎಂದರೆ ಸುತ್ತಲಿನವರ ಅಭಿಪ್ರಾಯ ಪಟ್ಟಿ. ಶಿಬಿರಾರ್ಥಿ ಬರುವ ಮುಂಚೆಯೇ ಆಕೆಯ ಮೇಲಿನವರು, ಸರೀಕರು, ಕೈಕೆಳಗಿನವರು ಹೆಸರು ಹಾಕದೆ ಪ್ರಶ್ನಾವಳಿ ತುಂಬಿ ಕಳಿಸಿರುತ್ತಾರೆ. ಶಿಬಿರದಲ್ಲಿ ಒಬ್ಬ ಮಾರ್ಗದರ್ಶಕಿಯ ಪಕ್ಕ ಕೂತು ಅದನ್ನು ಓದಬೇಕು. ತಾನು ಕಟ್ಟುನಿಟ್ಟು ಎಂದುಕೊಂಡದ್ದನ್ನು ತಂಡ ಅಪನಂಬಿಕೆ ಎಂದು ಕಂಡಿರಬಹುದು. ಎಲ್ಲರ ಕಾಪಿಯನ್ನೂ ತಾನೇ ತಿದ್ದುವ ಅಭ್ಯಾಸ, ಬಹಳಷ್ಟು ಒಳ್ಳೆಯ ಉಪಸಂಪಾದಕರ ರೋಗ ಇದು, ಕಿರಿಯರನ್ನು ಬೆಳೆಯಗೊಡದೆ ಇಟ್ಟಿದ್ದೂ ಹೊರಬೀಳಬಹುದು. ಎದುರಿಗಿರುವ ಯಾರೂ ತನ್ನ ಕಚೇರಿಯವರಲ್ಲ ಎಂಬ ಕಾರಣಕ್ಕೇ ಅಳಲಿಕ್ಕೂ ನಗಲಿಕ್ಕೂ ಅಲ್ಲಿ ಅನುಕೂಲ.

ಕಷ್ಟದ ಮಾತು ಆಡುವುದಕ್ಕೂ ತಾಲೀಮು ಇದೆ. ಡೆಡ್‌ಲೈನ್ ತಪ್ಪಿಸುವ, ತನಗಿಂತ ಹದಿನೈದು ವರ್ಷ ಹಿರಿಯ ವರದಿಗಾರನನ್ನು ಒಳಗೆ ಕರೆದು ಏನು ಹೇಳುವುದು? ನಾಟಕದಂತೆ ಆಡಿ ತೋರಿಸಬೇಕು. 'ಸರ್, ನಿಮಗೆ ತೊಂದರೆಯಿಲ್ಲದಿದ್ದರೆ...' ಎಂದು ಶುರುಮಾಡಿದವರನ್ನು ಅಲ್ಲಿಗೇ ನಿಲ್ಲಿಸಿ, ಕ್ಷಮೆಯ ಮುನ್ನುಡಿ ಕಿತ್ತುಹಾಕಿ ಮತ್ತೆ ಹೇಳಿಸಿದರೆ ಅರ್ಧ ಪಾಠ ಮುಗಿದಂತೆ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ದುಡ್ಡಿನ ಪಾಠ. ಸುದ್ದಿಮನೆಯವರಿಗೆ ದುಡ್ಡಿನ ಮಾತು ಮೈಲಿಗೆ. ಚಂದಾ ಎಷ್ಟು ಬರುತ್ತದೆ, ಜಾಹೀರಾತಿನ ದರ ಯಾರು ನಿಗದಿ ಮಾಡುತ್ತಾರೆ, ಒಬ್ಬ ವರದಿಗಾರ್ತಿಯನ್ನು ಹೊಸದಾಗಿ ತೆಗೆದುಕೊಳ್ಳಲು ವರ್ಷಕ್ಕೆ ಎಷ್ಟು ಬೇಕು ಎಂದು ಕೇಳಿದರೆ ಅದು ಮ್ಯಾನೇಜ್‌ಮೆಂಟಿನ ಕೆಲಸ ಎನ್ನುತ್ತಾರೆ. ಅಂಕಿ ಗೊತ್ತಿಲ್ಲದ ಸಂಪಾದಕಿಯ ತಂಡವನ್ನು ಕತ್ತರಿಸುವುದು ಬಹಳ ಸುಲಭ. ಸಂಬಳದ ಚೌಕಾಶಿಯೂ ಇದೇ ಪಾಠದ ಭಾಗ. ಕೊಟ್ಟಷ್ಟಕ್ಕೆ ಥ್ಯಾಂಕ್ಸ್ ಹೇಳಿ ಹೊರಬರುವುದು ಸಂಸ್ಕಾರ ಎಂದು ಬೆಳೆದವರಿಗೆ, ಒಂದು ಅಂಕಿ ಹೇಳಿ ಸುಮ್ಮನೆ ಕೂರುವುದನ್ನು ಕಲಿಸುವುದು ಹುಡುಗಾಟವಲ್ಲ. ಇಂಥ ತರಬೇತಿಗಳ ಕರಪತ್ರಗಳಲ್ಲಿ 'ಆತ್ಮವಿಶ್ವಾಸ' ಎಂಬ ಮಾತು ಎದ್ದು ಕುಣಿಯುತ್ತಿರುತ್ತದೆ. ನನಗೆ ಅದನ್ನು ಕಂಡರೆ ಕಿರಿಕಿರಿ. ಗ್ರಹಾಂಗೆ ಬಫೆಟ್ ಹೇಳಿಕೊಟ್ಟದ್ದು ಲೆಕ್ಕ. ಧೈರ್ಯ ಆಕೆಗೆ ಮೊದಲೇ ಇತ್ತು.

ಇನ್ನೊಂದು ಮಾದರಿ ಜಾಗತಿಕ ಪತ್ರಿಕಾ ಒಕ್ಕೂಟ ವಾನ್-ಇಫ್ರಾ ನಡೆಸುವ 'ವಿಮೆನ್ ಇನ್ ನ್ಯೂಸ್'. 2010ರ ಸುಮಾರಿಗೆ ಆಫ್ರಿಕಾದ ದಕ್ಷಿಣ ಭಾಗದ ಕೆಲವು ದೇಶಗಳಲ್ಲಿ ಹುಟ್ಟಿ, ಅರಬ್ ದೇಶಗಳಿಗೂ ಆಗ್ನೇಯ ಏಷ್ಯಾಕ್ಕೂ ಹಬ್ಬಿತು. ಸ್ವೀಡನ್ನಿನ ಅಭಿವೃದ್ಧಿ ನೆರವು ಸಂಸ್ಥೆಯ ಹಣ ಇದಕ್ಕೆ ಬಂದಿದೆ. ಇಲ್ಲಿ ಒಂದು ವಾರದ ಶಿಬಿರಕ್ಕೆ ಕೆಲಸ ಮುಗಿಯುವುದಿಲ್ಲ. ತಿಂಗಳುಗಟ್ಟಲೆ ಮಾರ್ಗದರ್ಶನ, ಮಾಧ್ಯಮ ನಿರ್ವಹಣೆಯ ಪಾಠ, ಜೊತೆಗೆ ಒಬ್ಬ ಹಿರಿಯ ಪತ್ರಕರ್ತೆಯ ಒಡನಾಟ. ಇದಕ್ಕಿಂತ ಮಹತ್ವದ್ದೆಂದರೆ ಕಾರ್ಯಕ್ರಮ ಪತ್ರಿಕೆಯ ಕಚೇರಿಯನ್ನೂ ಒಳಗೆಳೆಯುತ್ತದೆ. ಮುಖಪುಟದಲ್ಲಿ ಎಷ್ಟು ಹೆಂಗಸರ ಮಾತು ಬಂತು, ಎಷ್ಟು ಗಂಡಸರದು ಎಂದು ಎಣಿಸಿ ತೋರಿಸುತ್ತದೆ. ಲೈಂಗಿಕ ಕಿರುಕುಳದ ನೀತಿ ಬರೆಯಿಸುತ್ತದೆ. ಇದೇ ಕಾರ್ಯಕ್ರಮ 20 ದೇಶಗಳ ಸುದ್ದಿಮನೆಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಕೆಲಸದ ಜಾಗದಲ್ಲಿ ಕಿರುಕುಳ ಅನುಭವಿಸಿದೆ ಎಂದ ಮಹಿಳೆಯರು ಶೇ 41. ದೂರಿನವರೆಗೆ ಹೋದದ್ದು ಐದರಲ್ಲಿ ಸುಮಾರು ಒಂದು ಪ್ರಕರಣ. ಅಂಥ ಕಚೇರಿಗೆ ತರಬೇತಾದ ಒಬ್ಬಳನ್ನು ವಾಪಸು ಕಳಿಸಿ ಇನ್ನು ನೀನೇ ನೋಡಿಕೋ ಎಂದರೆ ಅದು ಅವಳ ಮೇಲೆ ಹೇರಿದ ಹೆಚ್ಚುವರಿ ಕೆಲಸವಷ್ಟೆ.

ಈ ತರಬೇತಿಗಳಿಂದ ಏನಾಗಿದೆ? ಆಕ್ಸ್‌ಫರ್ಡ್‌ನ ರಾಯ್ಟರ್ಸ್ ಇನ್‌ಸ್ಟಿಟ್ಯೂಟ್ ಪ್ರತಿ ವರ್ಷ ಕೆಲವು ದೇಶಗಳ ಪ್ರಮುಖ ಸುದ್ದಿಸಂಸ್ಥೆಗಳ ಸಂಪಾದಕರ ಕುರ್ಚಿಗಳನ್ನು ಎಣಿಸುತ್ತದೆ. 2020ರಲ್ಲಿ ಅಗ್ರ ಸಂಪಾದಕರಲ್ಲಿ ಮಹಿಳೆಯರು ಶೇ 23, 2025ರಲ್ಲಿ ಶೇ 27. ಅದೇ ದೇಶಗಳಲ್ಲಿ ಪತ್ರಕರ್ತರ ಪೈಕಿ ಮಹಿಳೆಯರು ಸರಾಸರಿ ಶೇ 40. 2025ರ ಎಣಿಕೆಯ 12 ದೇಶ-ಪ್ರದೇಶಗಳಲ್ಲಿ ಭಾರತ ಇಲ್ಲ. ಇದ್ದಿದ್ದರೆ ಸರಾಸರಿ ಏರುತ್ತಿತ್ತೆಂದು ನಂಬಲು ನನಗಂತೂ ಕಾರಣ ಕಾಣುವುದಿಲ್ಲ.

ಕನ್ನಡದ ಕತೆ ಬೇರೆ ರೀತಿಯಲ್ಲಿ ಶುರುವಾಯಿತು. ನಮ್ಮ ಮೊದಲ ಸಂಪಾದಕಿಯರು ಯಾರ ಬಡ್ತಿಗೂ ಕಾಯಲಿಲ್ಲ, ತಮ್ಮದೇ ಪತ್ರಿಕೆ ಕಟ್ಟಿದರು. ಬಾಲವಿಧವೆ ನಂಜನಗೂಡು ತಿರುಮಲಾಂಬ 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆ ತೆರೆದು, ಮುಂದೆ 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಬೆಂಗಳೂರಿನ ಆರ್. ಕಲ್ಯಾಣಮ್ಮ 'ಸರಸ್ವತಿ' ಮಾಸಪತ್ರಿಕೆಯನ್ನು ನಾಲ್ಕು ದಶಕ ಎಳೆದರು. ಲೇಖನ ತಿದ್ದುವುದು, ಚಂದಾ ಕೂಡಿಸುವುದು, ಅಚ್ಚಿನ ಮನೆಯ ಬಾಕಿ ತೀರಿಸುವುದು, ಎಲ್ಲವೂ ಅವರ ತಲೆಯ ಮೇಲೇ. ದಿನಪತ್ರಿಕೆ ದೊಡ್ಡ ಉದ್ಯಮವಾದ ಮೇಲೆ ಹೆಂಗಸರು ನೌಕರಿಗೆ ಬಂದರು, ಸಿಕ್ಕಿದ್ದು ಪುರವಣಿಯ ಕುರ್ಚಿ. ಡಾ. ಆರ್. ಪೂರ್ಣಿಮಾ 'ಉದಯವಾಣಿ'ಯ ಬೆಂಗಳೂರು ಆವೃತ್ತಿಯ ಸಂಪಾದಕಿಯಾದದ್ದು ಇಂದಿಗೂ ಅಪವಾದದಂತೆಯೇ ನೆನಪಾಗುತ್ತದೆ.

ಬೆಂಗಳೂರಿನ ಪತ್ರಕರ್ತೆ ಅಮ್ಮು ಜೋಸೆಫ್ ದೇಶದ ಉದ್ದಗಲದ ಪತ್ರಕರ್ತೆಯರನ್ನು ಮಾತಾಡಿಸಿ 2000ದಲ್ಲಿ ಒಂದು ಪುಸ್ತಕ ತಂದರು. 2002ರಲ್ಲಿ 'ನೆಟ್‌ವರ್ಕ್ ಆಫ್ ವಿಮೆನ್ ಇನ್ ಮೀಡಿಯಾ' ಹುಟ್ಟಿತು; ಅದರ ಬೆನ್ನೆಲುಬಾದವರಲ್ಲಿ ಅವರೂ ಒಬ್ಬರು. ಅದೇ 2002ರಲ್ಲಿ ಉತ್ತರಪ್ರದೇಶದ ಚಿತ್ರಕೂಟದಲ್ಲಿ 'ಖಬರ್ ಲಹರಿಯಾ' ಪತ್ರಿಕೆ ಶುರುವಾಯಿತು. ದಲಿತ, ಆದಿವಾಸಿ, ಮುಸ್ಲಿಂ, ಹಿಂದುಳಿದ ಜಾತಿಗಳ ಹಳ್ಳಿ ಹೆಂಗಸರು ವರದಿ ಬರೆದು, ಪುಟ ಕಟ್ಟಿ, ಊರೂರಿಗೆ ಹೊತ್ತು ಮಾರಿದರು. ಆಡಳಿತ ಕಲಿಯಲು ಇದಕ್ಕಿಂತ ಒಳ್ಳೆಯ ಅಕಾಡೆಮಿ ನನಗೆ ತೋರುವುದಿಲ್ಲ. ಅಲ್ಲಿ ಪಾಠ ನಡೆದದ್ದು ಅವರದೇ ನುಡಿಯಲ್ಲಿ.

ನುಡಿಯದ್ದೇ ನಮ್ಮ ತೊಡಕು. ಪಾಯಿಂಟರ್‌ನಂಥ ಕೋರ್ಸುಗಳ ಅರ್ಜಿಯೇ ಇಂಗ್ಲಿಷಿನಲ್ಲಿ. ಕೊಪ್ಪಳದಲ್ಲೋ ಕಲಬುರ್ಗಿಯಲ್ಲೋ ಜಿಲ್ಲಾ ಕಚೇರಿ ನೋಡಿಕೊಳ್ಳುವ ವರದಿಗಾರ್ತಿಗೆ ಅದು ಇದ್ದೂ ಇಲ್ಲದ ಹಾಗೆ. ಕರ್ನಾಟಕ ಮಾಧ್ಯಮ ಅಕಾಡೆಮಿಯಂಥ ಸಂಸ್ಥೆ ಮನಸ್ಸು ಮಾಡಿದರೆ ಇಂಥದೊಂದು ವಾರವನ್ನು ಕನ್ನಡದಲ್ಲೇ ಕಟ್ಟಬಹುದು. ಜಾಹೀರಾತು ವಿಭಾಗದವರೊಬ್ಬರು ದರಪಟ್ಟಿ ಬಿಡಿಸಿ ಹೇಳಲಿ. ಪ್ರಸರಣದವರು ದೂರದ ಊರುಗಳಿಗೆ ಹೋಗುವ ಡಾಕ್ ಆವೃತ್ತಿ ತಡವಾದರೆ ಎಷ್ಟು ಪ್ರತಿ ವಾಪಸು ಬರುತ್ತವೆ ಎಂದು ತೋರಿಸಲಿ. ನಿವೃತ್ತ ಸುದ್ದಿ ಸಂಪಾದಕಿಯೊಬ್ಬರು ರಾತ್ರಿ ಪಾಳಿಯ ವೇಳಾಪಟ್ಟಿ ಹಾಕುವುದನ್ನು, ಅದರಲ್ಲಿ ಹುಡುಗಿಯರನ್ನು ಕೈಬಿಡದೆ ಕ್ಯಾಬ್ ಕೇಳುವುದನ್ನು ಕಲಿಸಲಿ. ಒಂದು ಮಧ್ಯಾಹ್ನ ಪತ್ರಿಕೆಗಳ ಮಾಲೀಕರನ್ನೂ ಅದೇ ಬೆಂಚಿನ ಮೇಲೆ ಕೂರಿಸಬೇಕು. ಅವರ ಫೀಸು ಅವರೇ ಕಟ್ಟಲಿ.