ಪಹಣಿಗೆ ಸಿಗದ ಪೂರ್ವಿಕರು

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಆಸುಪಾಸಿನ, ದನ ಕುರಿ ಸಾಕಿ ಬದುಕಿದ ಮ್ಯಾಸಬೇಡರ, ಕಾಡುಗೊಲ್ಲರ ಹಟ್ಟಿಗಳಲ್ಲಿ ಯಾರಾದರೂ ತಮ್ಮ ಮುತ್ತಜ್ಜನ ಹಿಂದಿನವರನ್ನು ಕಾಗದದಲ್ಲಿ ಹುಡುಕಲು ಹೊರಟರೆ ಎರಡು ಮೂರು ತಲೆಮಾರಿಗೇ ದಾರಿ ಮುಗಿಯುತ್ತದೆ. ಮೊದಲು ನೆನಪಾಗುವುದು ಜನಗಣತಿ. ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧ ಗಣತಿ ಶುರುವಾದದ್ದು 1871ರಲ್ಲಿ. ಆಗ 50 ಲಕ್ಷ 55 ಸಾವಿರವಿದ್ದ ಜನ, 1876-78ರ ಭೀಕರ ಬರ ಕಳೆದು 1881ರ ಗಣತಿ ಬರುವ ಹೊತ್ತಿಗೆ 41 ಲಕ್ಷ 86 ಸಾವಿರಕ್ಕೆ ಇಳಿದಿದ್ದರು. ಕೊರತೆ ಎಷ್ಟೆಂದು ಕೋಷ್ಟಕ ಹೇಳುತ್ತದೆ. ಯಾವ ಹಟ್ಟಿಯ ಯಾರು ಸತ್ತರು, ಯಾರು ದನ ಹೊಡೆದುಕೊಂಡು ಯಾವ ಸೀಮೆಗೆ ಹೋದರು ಎಂಬುದನ್ನು ಹೇಳುವುದಿಲ್ಲ. ಅಮೆರಿಕದಲ್ಲಿ 72 ವರ್ಷ ಕಳೆದ ಗಣತಿಯ ಹಾಳೆಗಳು ಹೆಸರು ಸಮೇತ ಬಹಿರಂಗವಾಗುತ್ತವೆ, 1950ರವು 2022ರಲ್ಲಿ ಹೊರಬಂದವು. ನಮ್ಮಲ್ಲಿ ಅಂಥ ಪದ್ಧತಿಯಿಲ್ಲ. 1948ರ ಜನಗಣತಿ ಕಾಯ್ದೆ ಮನೆಮನೆಯ ವಿವರವನ್ನು ಯಾರಿಗೂ ತೋರಿಸಗೊಡುವುದಿಲ್ಲ.

ಹಾಗಾದರೆ ಜಮೀನು ದಾಖಲೆ? ಮೈಸೂರಿನ ರೆವಿನ್ಯೂ ಸರ್ವೆ 1863ರಲ್ಲಿ ಆರಂಭವಾಗಿ ಊರೂರಿಗೆ ಸರ್ವೆ ನಂಬರು ಕೊಟ್ಟಿತು. ಆದರೆ ಅದು ಬರೆದುಕೊಂಡದ್ದು ಕಂದಾಯ ಕಟ್ಟುವವನನ್ನು. ದನ ಕುರಿ ಮೇಯಿಸಿಕೊಂಡು ಬದುಕಿದವನ ಹುಲ್ಲುಗಾವಲು ಗೋಮಾಳವೆಂದೋ ಅಮೃತಮಹಲ್ ಕಾವಲೆಂದೋ ಸರ್ಕಾರದ ಲೆಕ್ಕಕ್ಕೆ ಸೇರಿತು, ಅವನ ಹೆಸರು ಖಾತೆಗೆ ಬರಲಿಲ್ಲ. ಬಂದ ಕಡೆಯೂ ತೊಡಕುಂಟು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಸೀಮೆ ಇದು. ‘ಪಾಲಯ್ಯ ಬಿನ್ ಬೋರಯ್ಯ’, ಮುಂದೆ ‘ಬೋರಯ್ಯ ಬಿನ್ ಪಾಲಯ್ಯ’ ಎಂದು ಬರೆದಿದ್ದರೆ ಅದು ಒಂದೇ ಮನೆಯೋ ಮೂರು ಮನೆಯೋ ಎಂದು ಪಹಣಿಯೊಂದರಿಂದಲೇ ಬಿಡಿಸಲಾಗದು. ಅದನ್ನು ಬಿಡಿಸುವುದು ಬೆಡಗು (ಕುಲದ ಕವಲು), ಮನೆದೇವರು, ದೇವರ ಎತ್ತುಗಳ ಹೊಣೆ, ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಯಾವ ಮನೆತನದ್ದು ಯಾವ ಸೇವೆ ಎಂಬ ಕಟ್ಟಳೆ. ಇವನ್ನು ಬರೀ ನಂಬಿಕೆಯೆಂದು ಬದಿಗಿಡದೆ ವಂಶದ ದಾಖಲೆಯಾಗಿ ಓದಬೇಕು ಎಂಬುದು ನನ್ನ ವಾದ. ಜಾತ್ರೆಯ ಸೇವೆ ಹತ್ತಾರು ಹಟ್ಟಿಗಳ ಕಣ್ಣೆದುರು ನಡೆಯುವುದರಿಂದ, ಇಲ್ಲದ ಹಕ್ಕನ್ನು ಯಾರಾದರೂ ಹೇಳಿಕೊಂಡರೆ ತಕರಾರು ಅಲ್ಲೇ ಏಳುತ್ತದೆ. ಶ್ಯಾನುಭೋಗರ ಕಡತಕ್ಕೆ ಅಷ್ಟು ಜನ ಸಾಕ್ಷಿಗಳಿರಲಿಲ್ಲ.

ಬಾಯಿಮಾತು ಹಿಗ್ಗುತ್ತದೆ, ವೀರರು ದೇವರಾಗುತ್ತಾರೆ ಎಂಬ ಆಕ್ಷೇಪ ಸರಿಯೇ. ಮ್ಯಾಸಬೇಡರ ಗಾದರಿ ಪಾಲನಾಯಕನ ಕಥೆಯಿಂದಾಗಲಿ ಕಾಡುಗೊಲ್ಲರ ಜುಂಜಪ್ಪನ ಕಾವ್ಯದಿಂದಾಗಲಿ ಇಸವಿ ತೆಗೆಯಲು ಹೋಗಬಾರದು. ಆದರೆ ಕಾಗದವೂ ನಿಸ್ವಾರ್ಥಿಯಲ್ಲ. ಕರ್ನಲ್ ಮೆಕೆಂಜಿ 19ನೇ ಶತಮಾನದ ಆರಂಭದಲ್ಲಿ ಸಂಗ್ರಹಿಸಿದ ಕೈಫಿಯತ್ತುಗಳಲ್ಲಿ, ಅಂದರೆ ಸ್ಥಳೀಯ ವೃತ್ತಾಂತಗಳಲ್ಲಿ, ಪಾಳೆಯಗಾರ ಮನೆತನಗಳು ತಮ್ಮ ಪ್ರತಿಷ್ಠೆಗೆ ಒಪ್ಪುವ ವಂಶವನ್ನೇ ಹೇಳಿಕೊಂಡಿವೆ. ಇನಾಮು ಉಳಿಸಿಕೊಳ್ಳಲು ಬರೆಸಿದ ಕಾಗದದ ಮಾತು ಬೇರೆ ಹೇಳಬೇಕೆ? ಕಾಲಕ್ಕೆ ಕಾಗದವನ್ನು, ನಂಟಿಗೂ ವಲಸೆಯ ಜಾಡಿಗೂ ಹಟ್ಟಿಯ ನೆನಪನ್ನು ಕೇಳುವುದೇ ಸರಿಯಾದ ಕ್ರಮ. (ಹೆಣ್ಣುಮಕ್ಕಳನ್ನು ಮಾತ್ರ ಎರಡೂ ಸಮಾನವಾಗಿ ಮರೆತಿವೆ.)

ಇದು ಹವ್ಯಾಸಿಗಳ ಗೀಳು ಎನ್ನುವವರು ಅರಣ್ಯ ಹಕ್ಕು ಕಾಯ್ದೆಯನ್ನು ನೋಡಬೇಕು. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ನೆಲೆಸಿದ್ದುದನ್ನು ತೋರಿಸಬೇಕು. ಅದರ 13ನೇ ನಿಯಮ ವಂಶಾವಳಿಯನ್ನೂ ಹಿರಿಯರ ಲಿಖಿತ ಹೇಳಿಕೆಯನ್ನೂ ಪುರಾವೆಯೆಂದು ಒಪ್ಪುತ್ತದೆ. ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದಾಗ, ತಲೆತಲಾಂತರದಿಂದ ಅಲ್ಲಿ ದನ ಮೇಯಿಸಿದವರ ಕೈಯಲ್ಲಿ ತೋರಿಸಲು ಖಾತೆಯಿರಲಿಲ್ಲ.

ಹುಡುಕುವವರು ಗಡಿಯಾಚೆಗೂ ಹೋಗಬೇಕಾಗುತ್ತದೆ. ರಾಯದುರ್ಗದ ಸೀಮೆ 1800ರಲ್ಲಿ ಕಂಪನಿ ಸರ್ಕಾರಕ್ಕೆ ಸೇರಿ, ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರಲ್ಲಿ ಆಂಧ್ರಕ್ಕೆ ಹೋಯಿತು. ಮಾರಮ್ಮನ ಜಾತ್ರೆಗೆ ಇಂದಿಗೂ ಆ ಕಡೆಯ ಒಕ್ಕಲು ಬರುತ್ತದೆ. ಒಂದೇ ಬೆಡಗಿನ ಅಣ್ಣತಮ್ಮಂದಿರ ಕಾಗದ ಹೀಗೆ ಎರಡು ಸರ್ಕಾರಗಳ ಬೇರೆಬೇರೆ ಕಡತಗಳಲ್ಲಿ, ಎರಡು ಲಿಪಿಗಳಲ್ಲಿ ಹಂಚಿಹೋಗಿದೆ. ಯಾವ ಹಟ್ಟಿಗೆ ಆಚೆ ಯಾವ ಊರು ನೆಂಟು ಎಂದು ಗೊತ್ತಾದರಷ್ಟೇ ಯಾವ ಕಡತ ಕೇಳಬೇಕೆಂಬುದೂ ಗೊತ್ತಾಗುತ್ತದೆ.