ಐಸಿಯು ಹೊರಗಿನ ಬೆಂಚು ಕಲಿಸಿದ ಪ್ರಾರ್ಥನೆ

ಮೂರನೇ ಸೆಮಿಸ್ಟರ್‌ನ ಎರಡನೇ ಪೇಪರ್ ಮುಗಿಸಿ ಹಾಸ್ಟೆಲ್‌ಗೆ ಬಂದು ಮೊಬೈಲ್ ಆನ್ ಮಾಡಿದೆ. ಹನ್ನೊಂದು ಮಿಸ್ಡ್ ಕಾಲ್! ಎಲ್ಲವೂ ಊರಿನಿಂದಲೇ. ವಾಪಸ್ ಮಾಡಿದರೆ ಫೋನ್ ಎತ್ತಿದ್ದು ಚಿಕ್ಕಪ್ಪ. ‘ಅಪ್ಪನ ಗಾಡಿ ಪಲ್ಟಿ ಆಗೇತಿ. ದಾವಣಗೆರಿಗೆ ತಂದೀವಿ. ನೀನು ಹೊರಟು ಬಾ’ ಎಂದಷ್ಟೇ ಹೇಳಿ ಸುಮ್ಮನಾದರು. ಆ ಮೌನವೇ ನನಗೆ ಎಲ್ಲವನ್ನೂ ಹೇಳಿತ್ತು.

ಅಪ್ಪ ಲಗೇಜ್ ಆಟೊ ಓಡಿಸುತ್ತಿದ್ದ. ರಾಣೆಬೆನ್ನೂರು ತಾಲ್ಲೂಕಿನ ನಮ್ಮೂರಿನಿಂದ ತರಕಾರಿ ಮೂಟೆ ಹೇರಿಕೊಂಡು ಮಾರ್ಕೆಟ್‌ಗೆ ಹಾಕುವುದು ಅವನ ಕೆಲಸ. ನನ್ನ ಬಿಇ ಫೀಸು, ತಂಗಿಯ ಪಿಯುಸಿ, ಮನೆಯ ರೇಷನ್, ಎಲ್ಲವೂ ಆ ಗಾಡಿಯ ಮೇಲೆಯೇ ನಿಂತಿತ್ತು.

ತುಮಕೂರಿನಿಂದ ದಾವಣಗೆರೆಗೆ ಹೊರಟ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ದೇವರ ಜೊತೆ ಚೌಕಾಸಿಗೆ ಇಳಿದೆ. ‘ಅಪ್ಪನನ್ನು ಉಳಿಸಿಕೊಡು, ದೇವರಗುಡ್ಡದ ಮಾಲತೇಶನ ಗುಡಿಗೆ ಬರಿಗಾಲಲ್ಲಿ ನಡೆದು ಬರುತ್ತೇನೆ. ಮೊಬೈಲ್ ಗೇಮ್ ಬಿಡುತ್ತೇನೆ. ಒಂದು ವರ್ಷ ಮಾಂಸ ಮುಟ್ಟುವುದಿಲ್ಲ’. ಚಿತ್ರದುರ್ಗ ದಾಟುವಷ್ಟರಲ್ಲಿ ನನ್ನ ಬಳಿ ಬಿಡುವುದಕ್ಕೆ ಏನೂ ಉಳಿದಿರಲಿಲ್ಲ. ಭಯ ಮಾತ್ರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಆಸ್ಪತ್ರೆ ತಲುಪಿದಾಗ ರಾತ್ರಿಯಾಗಿತ್ತು. ಅಪ್ಪನ ತಲೆಗೆ ಪೆಟ್ಟಾಗಿ ಆಪರೇಷನ್ ಮಾಡಿದ್ದರು. ಐಸಿಯು ಹೊರಗಿನ ಬೆಂಚಿನ ಮೇಲೆ ಅವ್ವ ಕುಸಿದು ಕೂತಿದ್ದಳು. ಅಜ್ಜಿ ಮಾತ್ರ ಕಣ್ಣು ಮುಚ್ಚಿ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಭಂಡಾರದ ಗಂಟನ್ನು ಹಿಡಿದಿದ್ದಳು. ನಾನು ಪಕ್ಕದಲ್ಲಿ ಕೂತು ನನ್ನ ಹರಕೆಗಳ ಪಟ್ಟಿ ಒಪ್ಪಿಸಿದೆ. ಅಜ್ಜಿ ಕಣ್ಣು ತೆರೆದು, ‘ಆತನೇನು ಸಂತಿ ವ್ಯಾಪಾರಸ್ಥನೇನೋ ತಮ್ಮಾ, ಕೊಟ್ಟು ತಗೊಳ್ಳಾಕ? ಅಂಜಿಕಿ ಆಗೇತಿ ಅಂತ ಹೇಳು ಸಾಕು. ಹೇಳಿ, ನಿನ್ನ ಕೆಲಸ ನೋಡು’ ಅಂದಳು.

ಹಾಗೇ ಮಾಡಿದೆ. ‘ನನಗೆ ಭಯವಾಗಿದೆ. ಏನು ಮಾಡಬೇಕೋ ಗೊತ್ತಾಗುತ್ತಿಲ್ಲ. ಜೊತೆಗಿರು’ ಎಂದೆ. ಅಷ್ಟೇ. ಹತ್ತು ನಿಮಿಷ ಅದನ್ನೇ ಹೇಳಿಕೊಂಡಿರಬೇಕು. ಬೆಳಕೂ ಕಾಣಲಿಲ್ಲ, ದನಿಯೂ ಕೇಳಲಿಲ್ಲ. ಆದರೆ ನಡುಗುತ್ತಿದ್ದ ಕೈ ನಿಂತಿತು. ಎದ್ದು ಕೌಂಟರ್‌ಗೆ ಹೋಗಿ ಆಯುಷ್ಮಾನ್ ಕಾರ್ಡ್ ಬಗ್ಗೆ ವಿಚಾರಿಸಿದೆ. ಬಿಪಿಎಲ್ ರೇಷನ್ ಕಾರ್ಡು, ಆಧಾರ್ ಬೇಕು ಎಂದರು. ಊರಿಗೆ ಫೋನ್ ಮಾಡಿ ಬೆಳಿಗ್ಗೆಯ ಮೊದಲ ಬಸ್ಸಿಗೇ ತರಿಸಿದೆ. ಡಾಕ್ಟರ್ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಉಳಿದ ಪೇಪರ್‌ಗಳ ಬಗ್ಗೆ ಕ್ಲಾಸ್ ಟೀಚರ್‌ಗೆ ಮೆಸೇಜ್ ಹಾಕಿದೆ. ಗಂಟೆಯ ಹಿಂದೆ ಇವುಗಳಲ್ಲಿ ಒಂದೂ ನನ್ನ ತಲೆಗೆ ಹೊಳೆದಿರಲಿಲ್ಲ.

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಹರಿಹರದ ಕಡೆಯ ಒಬ್ಬ ತಾಯಿ ಇದ್ದರು. ಬೈಕ್‌ನಿಂದ ಬಿದ್ದ ಮಗ ಒಳಗಿದ್ದ. ಹೆಚ್ಚು ಕಡಿಮೆ ನನ್ನದೇ ವಯಸ್ಸು. ಅವರ ತುಟಿಗಳು ಹಗಲೂ ರಾತ್ರಿ ದೇವರ ಹೆಸರು ಹೇಳುತ್ತಲೇ ಇದ್ದವು. ನಮ್ಮೆಲ್ಲರಿಗಿಂತ ಹೆಚ್ಚು ಪ್ರಾರ್ಥಿಸಿದವರು ಅವರೇ. ಮೂರನೇ ರಾತ್ರಿ ಅವರ ಮಗ ತೀರಿಕೊಂಡ. ಹೋಗುವಾಗ ಅವ್ವನ ಕೈ ಹಿಡಿದು, ‘ನಿಮ್ಮ ಮನೆಯೋರು ಆರಾಮಾಗ್ತಾರ, ನೀವು ಅಂಜಬ್ಯಾಡ್ರಿ’ ಎಂದು ಹೇಳಿ ಹೋದರು. ಅಪ್ಪ ಬದುಕಿದ.

ಇಲ್ಲಿಯೇ ನನಗೆ ಕಷ್ಟವಾಗುವುದು. ‘ನಾನು ಪ್ರಾರ್ಥಿಸಿದೆ, ಅದಕ್ಕೇ ಅಪ್ಪ ಉಳಿದ’ ಎಂದು ಬರೆದರೆ ಆ ತಾಯಿಗೆ ಏನು ಹೇಳಲಿ? ಅವರ ಭಕ್ತಿಯಲ್ಲಿ ಕೊರತೆ ಇತ್ತೇ? ಖಂಡಿತ ಇಲ್ಲ. ಈ ಪ್ರಶ್ನೆ ತಿಂಗಳುಗಟ್ಟಲೆ ನನ್ನನ್ನು ಕಾಡಿತು. ಕೆಲವು ದಿನ ದೇವರ ಮೇಲೆ ಸಿಟ್ಟೂ ಬಂದಿತ್ತು.

ನಾನು ಓದುತ್ತಿರುವುದು ಸಿವಿಲ್ ಎಂಜಿನಿಯರಿಂಗ್. ಹಾಗಾಗಿ ಉತ್ತರ ಹುಡುಕುವಾಗ ನೆನಪಾದದ್ದು ಒಂದು ಸುರಂಗ. ನಾನು ಬಿಇ ಸೇರಿದ ಹೊಸತು. 2023ರ ನವೆಂಬರ್ 12, ದೀಪಾವಳಿಯ ದಿನ, ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ ನಿರ್ಮಾಣ ಹಂತದ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಕ್ಕಿಕೊಂಡರು. ಮೊದಲ ದಿನಗಳಲ್ಲಿ ನಾಲ್ಕು ಇಂಚಿನ ಪೈಪೊಂದರ ಮೂಲಕವೇ ಅವರಿಗೆ ಮಂಡಕ್ಕಿ, ಒಣಹಣ್ಣು ತಳ್ಳಬೇಕಾಗಿತ್ತು. ಸುರಂಗದ ಬಾಯಲ್ಲಿ ಆ ಭಾಗದ ದೈವ ಬಾಬಾ ಬೌಖನಾಗನಿಗೆ ಪುಟ್ಟ ಗುಡಿ ಕಟ್ಟಿದರು. ಆಸ್ಟ್ರೇಲಿಯಾದ ಸುರಂಗ ತಜ್ಞ ಅರ್ನಾಲ್ಡ್ ಡಿಕ್ಸ್ ಅದರ ಮುಂದೆ ಕೈಮುಗಿದು ಕೂತ ದೃಶ್ಯವನ್ನು ನಾವು ಹಾಸ್ಟೆಲ್ ಟಿವಿಯಲ್ಲಿ ನೋಡಿದ್ದೆವು. ‘ಇಷ್ಟು ದೊಡ್ಡ ತಜ್ಞ ಪೂಜೆ ಮಾಡ್ತಾ ಕೂತಿದಾನಲ್ಲೋ’ ಎಂದು ಗೆಳೆಯರು ನಕ್ಕಿದ್ದರು. ನಾನೂ ನಕ್ಕಿದ್ದೆ.

ಆಗ ನಾವು ಗಮನಿಸದೇ ಹೋದ ಸಂಗತಿ ಒಂದಿದೆ. ಕೈಮುಗಿದು ಎದ್ದವರು ಅಲ್ಲಿಗೇ ನಿಲ್ಲಲಿಲ್ಲ, ಮತ್ತೆ ಕೆಲಸಕ್ಕೆ ಇಳಿದರು. ಕೊರೆಯುವ ಆಗರ್ ಯಂತ್ರ ಅವಶೇಷಗಳ ನಡುವೆ ಮುರಿದುಹೋಯಿತು. ಆಗ ಕರೆಸಿದ್ದು ‘ರ‍್ಯಾಟ್ ಹೋಲ್’ ಗಣಿ ಕೆಲಸ ಬಲ್ಲವರನ್ನು. ಅಪಾಯಕಾರಿ ಎಂದು ಹಸಿರು ನ್ಯಾಯಮಂಡಳಿ 2014ರಲ್ಲಿಯೇ ಈ ಬಗೆಯ ಗಣಿಗಾರಿಕೆಯನ್ನು ನಿಷೇಧಿಸಿತ್ತು. ಆದರೆ ಕಿರಿದಾದ ಪೈಪಿನೊಳಗೆ ಕೂತು ಕೈಯಿಂದಲೇ ಅಗೆಯುವ ಕಲೆ ಅವರ ಬಳಿ ಇತ್ತು. ಕೊನೆಯ ಹತ್ತು–ಹನ್ನೆರಡು ಮೀಟರ್ ಅವರು ಅಗೆದರು. 17ನೇ ದಿನ, ನವೆಂಬರ್ 28ರಂದು, 41 ಮಂದಿಯೂ ಹೊರಗೆ ಬಂದರು.

ಇದಕ್ಕೆ ಐದು ವರ್ಷ ಹಿಂದೆ, 2018ರ ಡಿಸೆಂಬರ್‌ನಲ್ಲಿ, ಮೇಘಾಲಯದ ಕ್ಸಾನ್‌ನಲ್ಲಿ ಅಂಥದ್ದೇ ರ‍್ಯಾಟ್ ಹೋಲ್ ಗಣಿಗೆ ನೀರು ನುಗ್ಗಿ 15 ಕಾರ್ಮಿಕರು ಸಿಲುಕಿದ್ದರು. ಅವರು ಜೀವಂತ ಹೊರಬರಲಿಲ್ಲ. ಅವರ ಮನೆಗಳಲ್ಲಿಯೂ ಯಾರೋ ಕೈಮುಗಿದು ಕೂತಿದ್ದಿರಬೇಕಲ್ಲವೇ?

ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ಅನಿಸಿದ್ದು ಇಷ್ಟು. ಪ್ರಾರ್ಥನೆ ಎಂದರೆ ನಾವು ಕೇಳಿದ ಫಲಿತಾಂಶಕ್ಕೆ ಹಾಕುವ ಅರ್ಜಿಯಲ್ಲ. ದೇವರನ್ನು ನಂಬುವುದೆಂದರೆ ‘ಎಲ್ಲವೂ ನಾನು ಅಂದುಕೊಂಡಂತೆ ಆಗುತ್ತದೆ’ ಎಂದು ನಂಬುವುದಲ್ಲ. ‘ಏನೇ ಆದರೂ ನಾನು ಒಂಟಿಯಲ್ಲ’ ಎಂದು ನಂಬುವುದು. ಮಗನನ್ನು ಕಳೆದುಕೊಂಡ ಗಳಿಗೆಯಲ್ಲಿಯೂ ಇನ್ನೊಬ್ಬಳ ಕೈ ಹಿಡಿದು ಧೈರ್ಯ ಹೇಳುವ ಶಕ್ತಿ ಆ ತಾಯಿಗೆ ಎಲ್ಲಿಂದ ಬಂತು? ಅವರ ಪ್ರಾರ್ಥನೆ ವ್ಯರ್ಥವಾಯಿತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಮನೆಯಲ್ಲಿಯೂ ಎಲ್ಲ ಮೊದಲಿನಂತೆ ಆಗಿಲ್ಲ. ಅಪ್ಪನ ಎಡಗೈಗೆ ಶಕ್ತಿಯಿಲ್ಲ. ಗಾಡಿ ಮಾರಿದೆವು. ಈಗ ಪರಿಚಯದವರ ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಅವ್ವ ಹೊಲಿಗೆ ಶುರು ಮಾಡಿದ್ದಾಳೆ. ತಪ್ಪಿಹೋದ ಪೇಪರ್‌ಗಳು ಬ್ಯಾಕ್‌ಲಾಗ್ ಆಗಿ, ಮುಂದಿನ ಸಲ ಪಾಸಾದವು. ನಾನೀಗ ಐದನೇ ಸೆಮಿಸ್ಟರ್. ರಜೆಯಲ್ಲಿ ದೇವರಗುಡ್ಡಕ್ಕೆ ಅಜ್ಜಿಯೊಂದಿಗೆ ಹೋಗಿದ್ದೆ, ಚಪ್ಪಲಿ ಹಾಕಿಕೊಂಡು ಬಸ್ಸಿನಲ್ಲೇ! ಗುಡಿಯಲ್ಲಿ ನಿಂತಾಗ ಕೇಳುವುದಕ್ಕೆ ಏನೂ ಹೊಳೆಯಲಿಲ್ಲ. ಹಣೆಗೆ ಭಂಡಾರ ಹಚ್ಚಿಸಿಕೊಂಡು ಬಂದೆ.

ಗೆಳೆಯರೇ, ನಮ್ಮ ವಯಸ್ಸಿನಲ್ಲಿ ಕಷ್ಟಗಳಿಗೆ ಬರವಿಲ್ಲ. ಬ್ಯಾಕ್‌ಲಾಗ್, ಕೈತಪ್ಪಿದ ಪ್ಲೇಸ್‌ಮೆಂಟ್, ಮುಂದಕ್ಕೆ ಹೋಗುತ್ತಲೇ ಇರುವ ನೇಮಕಾತಿ ಪರೀಕ್ಷೆ, ಮನೆಯ ಸಾಲ. ಓದದೆ ಪ್ರಾರ್ಥಿಸಿದರೆ ಪೇಪರ್ ಪಾಸಾಗುವುದಿಲ್ಲ, ಅದು ನನ್ನ ಸ್ವಂತ ಅನುಭವ! ಆದರೆ ಓದಲು ಕೂತರೂ ಅಕ್ಷರ ತಲೆಗೆ ಹೋಗದಷ್ಟು ಭಯವಾದಾಗ, ಐದು ನಿಮಿಷ ಪುಸ್ತಕ ಮುಚ್ಚಿ, ಇದ್ದದ್ದನ್ನು ಇದ್ದ ಹಾಗೆ ದೇವರಿಗೆ ಹೇಳಿಬಿಡಿ. ಯಾವ ದೇವರು, ಯಾವ ಭಾಷೆ ಎಂಬುದು ಮುಖ್ಯವಲ್ಲ. ಆಮೇಲೆ ಕಣ್ಣೆದುರಿಗಿರುವ ಮುಂದಿನ ಒಂದು ಕೆಲಸ ಮಾಡಿ.

ಹೇಳಿಕೊಳ್ಳಲು ಮನುಷ್ಯರೂ ಇದ್ದಾರೆ ಎಂಬುದನ್ನು ಮರೆಯಬೇಡಿ. ರಾತ್ರಿ ತೀರಾ ಕತ್ತಲೆ ಅನಿಸಿದರೆ ಗೆಳೆಯನ ಬಾಗಿಲು ತಟ್ಟಿ, ಮನೆಗೆ ಫೋನ್ ಮಾಡಿ. ಯಾರೂ ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲಿಯೇ ಮಾತಾಡಬಹುದು. ಸಹಾಯ ಕೇಳಿದರೆ ದೇವರ ಮೇಲಿನ ನಂಬಿಕೆ ಕಡಿಮೆಯಾದಂತಲ್ಲ. ಆತ ಕಳಿಸುವ ಕೈಗಳು ಹೆಚ್ಚಾಗಿ ಮನುಷ್ಯರ ಕೈಗಳೇ ಆಗಿರುತ್ತವೆ.

ಹರಿಹರದ ಆ ತಾಯಿಯ ಹೆಸರನ್ನು ನಾನು ಕೇಳಲಿಲ್ಲ. ಈಗ ದಿನವೂ ಮಲಗುವ ಮುನ್ನ ಎರಡು ನಿಮಿಷ ಕೂರುತ್ತೇನೆ. ಮೊದಲು ನೆನಪಾಗುವುದು ಅವರೇ. ನನ್ನ ಸರದಿ ಆಮೇಲೆ ಬರುತ್ತದೆ.